ಉಸಿರು ಊದಿ ಸಕ್ಕರೆ ತಿಳಿಯಬಹುದೇ? ವೈದ್ಯರೊಂದಿಗೆ ಪ್ರಶ್ನೋತ್ತರ

ಮೊದಲ ಸದಸ್ಯರು: ಡಾಕ್ಟರೇ, ಬೆಳಕಿನ ಸಂವೇದಕವಿರುವ ಉಪಕರಣಕ್ಕೆ ಉಸಿರು ಊದಿದರೆ ಬೆರಳು ಚುಚ್ಚುವ ಅಗತ್ಯವಿಲ್ಲವೇ?

ವೈದ್ಯೆ: ಅಗತ್ಯವಿದೆ. ಅದು ಅಳೆಯುವುದು ಸಕ್ಕರೆಯನ್ನಲ್ಲ, ಅಸಿಟೋನನ್ನು. ಕೊಬ್ಬು ಉರಿದಾಗ ಹುಟ್ಟುವ ಈ ಆವಿಯು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಹೀರಿಕೊಳ್ಳುವುದರಿಂದ, ಎಷ್ಟು ಬೆಳಕು ಕುಗ್ಗಿತು ಎಂಬುದನ್ನು ನೋಡಿ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಉಪವಾಸವಿದ್ದರೂ ಅದು ಏರುತ್ತದೆ.

ಎರಡನೆಯ ಸದಸ್ಯರು: ಹಾಗಾದರೆ ಇನ್ಸುಲಿನ್ ಪ್ರಮಾಣವನ್ನು ಇದರಿಂದ ನಿರ್ಧರಿಸಬಹುದೇ?

ವೈದ್ಯೆ: ಇಲ್ಲ. ಮೇಲಿನ ಉತ್ತರವನ್ನು ಓದಿ.

ಒಬ್ಬ ಮಗಳು: ಮೇಡಂ, ಅಪ್ಪ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಿನ್ನೆಯಿಂದ ವಾಂತಿಯಾಗುತ್ತಿದೆ, ಊಟ ಸೇರುತ್ತಿಲ್ಲ, ಏದುಸಿರು ಬಿಡುತ್ತಿದ್ದಾರೆ. ಉಸಿರಿನ ಯಂತ್ರ ಕೆಂಪು ದೀಪ ತೋರಿಸುತ್ತಿದೆ, ಆದರೆ ಗ್ಲುಕೋಮೀಟರ್‌ನಲ್ಲಿ 190 ಇದೆ. ಯಂತ್ರ ಕೆಟ್ಟಿದೆಯೇ?

ವೈದ್ಯೆ: ಯಂತ್ರ ಸರಿಯಿರಬಹುದು, ಅದೇ ನನ್ನ ಆತಂಕ. ಈ ಮಾತ್ರೆ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ, ದೇಹದಲ್ಲಿ ಕೀಟೋನ್ (ಕೊಬ್ಬು ಉರಿದಾಗ ಹುಟ್ಟುವ ವಸ್ತುಗಳು, ಅಸಿಟೋನ್ ಅವುಗಳಲ್ಲೊಂದು) ತುಂಬಿ ರಕ್ತ ಆಮ್ಲೀಯವಾಗುತ್ತಿದ್ದರೂ ಸಕ್ಕರೆ 250ಕ್ಕಿಂತ ಕೆಳಗೇ ಉಳಿಯಬಹುದು. ಆ ಸಂಖ್ಯೆಯನ್ನು ನಂಬಿದ ಮನೆಯವರು ಮಾತ್ರವಲ್ಲ, ವೈದ್ಯರೂ ಮೋಸಹೋಗುತ್ತಾರೆ. ಉಸಿರಿಗೆ ಹಣ್ಣಿನಂತಹ ವಾಸನೆಯಿದ್ದರೂ ಇಲ್ಲದಿದ್ದರೂ ತಡಮಾಡಬೇಡಿ. ಈಗಲೇ ತುರ್ತು ವಿಭಾಗಕ್ಕೆ ಕರೆದೊಯ್ದು, ರಕ್ತದ ಕೀಟೋನ್ ಪರೀಕ್ಷೆ ಮಾಡುವಂತೆ ಕೇಳಿ. ಲೀಟರಿಗೆ 3 ಮಿಲಿಮೋಲ್‌ಗೆ ಏರಿದ್ದರೆ ಅದು ಅಪಾಯ. ಇಂದಿನ ಮಾತ್ರೆಯನ್ನು ಕೊಡಬೇಡಿ.

ಮೂರನೆಯ ಸದಸ್ಯರು: ಊದುವ ಮೊದಲು ಒಂದು ಕಷಾಯ ಕುಡಿದರೆ ಅಸಿಟೋನ್ ಇಳಿಯುತ್ತದೆ ಎಂಬ ಸಂದೇಶ ಬಂದಿದೆ, ಹಂಚಲೇ?

ವೈದ್ಯೆ: ಹಂಚಬೇಡಿ. ಅಂಕಿ ಇಳಿದ ಮಾತ್ರಕ್ಕೆ ರೋಗ ಇಳಿಯುವುದಿಲ್ಲ. ಇಂತಹ ಸಂದೇಶವನ್ನು ನಂಬಿ ಇನ್ಸುಲಿನ್ ಬಿಟ್ಟವರನ್ನು ನಾನು ನೋಡಿದ್ದೇನೆ.

ಇಂಜಿನಿಯರ್ ಸದಸ್ಯರು: ಎರಡು ಕನ್ನಡಿಗಳ ನಡುವೆ ಲೇಸರನ್ನು ಸಾವಿರಾರು ಬಾರಿ ಓಡಿಸಿದರೆ, ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಅಸಿಟೋನ್ ಕೂಡ ಸಿಗುತ್ತದೆ. ವೈದ್ಯರಿಗೆ ತಂತ್ರಜ್ಞಾನವೆಂದರೆ ಅನುಮಾನವೇ.

ಮೂರನೆಯ ಸದಸ್ಯರು: ಉಸಿರಿನಲ್ಲಿ ನೀರಾವಿಯೇ ಅದರ ಸಾವಿರಾರು ಪಟ್ಟು ಇರುತ್ತದೆಯಲ್ಲ, ಅದನ್ನು ಯಾರು ಬೇರ್ಪಡಿಸುತ್ತಾರೆ?

ಇಂಜಿನಿಯರ್ ಸದಸ್ಯರು: ಕಷಾಯದ ಸಂದೇಶ ಕಳುಹಿಸಿದವರಿಂದ ನಾನು ಪಾಠ ಕಲಿಯಬೇಕಿಲ್ಲ.

ನಾಲ್ಕನೆಯ ಸದಸ್ಯರು: ಮಕ್ಕಳಿಗೂ ಈ ಉಪಕರಣ ಆಗುತ್ತದೆಯೇ?

ವೈದ್ಯೆ: ನಿಮ್ಮ ಜಗಳವನ್ನು ಬೇರೆಡೆ ಮುಂದುವರಿಸಿ. ಆ ಮಗಳು ಹೊರಟರೇ?

ಒಬ್ಬ ಮಗಳು: ಇನ್ನೊಮ್ಮೆ ಊದಿಸಿ ನೋಡಿ ಹೊರಡಲೇ?

ವೈದ್ಯೆ: ಬೇಡ, ಹೊರಡಿ. ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ಯಿರಿ. 190 ಎಂದು ಹೇಳುವ ಮೊದಲು ಅದನ್ನೇ ತೋರಿಸಿ.