ಪದಚರ್ಚೆ: ಕುರಿ, ಹಂದಿಗಳ ‘ಬ್ರೀಡ್’, ‘ಎಂಡೇಂಜರ್ಡ್’ – ಬೋರ್ಡಿಗೆ ಕನ್ನಡ ಬೇಕು, ನಾಳೆ ಸಂಜೆಯೊಳಗೆ

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ತಾಲೂಕಿನಲ್ಲಿ ರೈತಮೇಳ ಇದೆ. ನಮ್ಮ ನಾಡಿನ ಕುರಿಗಳದ್ದೇ ಒಂದು ಸಾಲು ಮಾಡುತ್ತಿದ್ದೇವೆ. ಬನ್ನೂರು, ಹಾಸನ, ಬಳ್ಳಾರಿ, ಕೆಂಗುರಿ, ದಖನಿ ಇರುತ್ತವೆ. ಹಂದಿಗಳನ್ನು ತರಿಸಲು ಆಗಲಿಲ್ಲ, ಚಿತ್ರ ಹಾಕುತ್ತೇವೆ: ಗೋವಾದ ಅಗೊಂಡಾ, ಉತ್ತರ ಬಂಗಾಳದ ಘುಂಗ್ರು, ಮೇಘಾಲಯದ ನಿಯಾಂಗ್ ಮೇಘಾ. ಬೋರ್ಡ್ ಬರೆಯುವವರು ನಾಳೆ ಸಂಜೆಯೊಳಗೆ ಬರಹ ಕೈಗೆ ಕೊಡಿ ಅಂದಿದ್ದಾರೆ. ತಗಡು ಮೂರಡಿ ಅಗಲ ಮಾತ್ರ, ಉದ್ದದ ಪದ ಹಿಡಿಸುವುದಿಲ್ಲ.

‘ಬ್ರೀಡ್’ಗೆ ತಳಿ ಅನ್ನೋಣವೇ? ‘ಟ್ರೆಡಿಷನಲ್ ಬ್ರೀಡ್’ಗೆ ನಾಟಿಯೋ ದೇಸಿಯೋ ಜವಾರಿಯೋ? ಇನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಳಿಗಳಿಗೆ ಕೊಡುವ ಕ್ರಿಟಿಕಲ್, ಎಂಡೇಂಜರ್ಡ್, ನಾಟ್ ಅಟ್ ರಿಸ್ಕ್ ಎಂಬ ಗುರುತುಗಳಿಗೆ ಏನು ಬರೆಯಲಿ? ನನ್ನ ಕೈಗೆ ಸಿಕ್ಕಿರುವ ಅನುವಾದದಲ್ಲಿ ‘ನಿರ್ಣಾಯಕವಾಗಿ ಅಳಿವಿನಂಚಿನಲ್ಲಿರುವ ಸಾಂಪ್ರದಾಯಿಕ ಪ್ರಭೇದ’ ಎಂದಿದೆ. ಇದನ್ನು ಓದಿ ಕುರಿ ಸಾಕುವವರೊಬ್ಬರು ‘ಯಾರು ನಿರ್ಣಯ ಮಾಡೋದು?’ ಅಂತ ಕೇಳಿದರು. ನಾನು ತಬ್ಬಿಬ್ಬಾದೆ.

ಮೈಸೂರಿನಿಂದ:

ತಳಿ ಬೇಡ. ತಳಿ, ತಳಿರು ಒಂದೇ ಬೇರಿನವು ಅಂತ ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ. ಚಿಗುರುವುದಕ್ಕೆ ಸೇರಿದ ಮಾತು. ಭತ್ತದ ತಳಿ, ರಾಗಿ ತಳಿ ಸರಿ. ಕುರಿ ಚಿಗುರುತ್ತದೆಯೇ? ಅಚ್ಚಗನ್ನಡದಲ್ಲಿ ‘ಬಳಿ’ ಎಂಬ ಒಳ್ಳೆಯ ಪದ ಇದೆ. ಕರಾವಳಿಯಲ್ಲಿ ಮನೆತನದ ಮೂಲ ಹೇಳುವಾಗ ಇಂದಿಗೂ ಬಳಿ ಅಂತಾರೆ. ‘ಬನ್ನೂರು ಬಳಿ’, ‘ಹಾಸನ ಬಳಿ’ ಎಂದು ಬರೆಯಿರಿ. ಎರಡೇ ಅಕ್ಷರ, ನಿಮ್ಮ ತಗಡಿಗೂ ಹಿಡಿಸುತ್ತದೆ.

ಬೆಂಗಳೂರಿನಿಂದ:

‘ಬನ್ನೂರು ಬಳಿ’ ಅಂದರೆ ಬನ್ನೂರಿನ ಹತ್ತಿರ. ಜನ ದಾರಿ ಕೇಳುತ್ತಾರೆ. ತಳಿ ಅಂತ ಪಶುವೈದ್ಯರು ಬರೆಯುತ್ತಾರೆ, ಪತ್ರಿಕೆ ಬರೆಯುತ್ತದೆ, ಇಲಾಖೆಯ ಫಲಕದಲ್ಲೂ ಇದೆ. ಇದು ಮುಗಿದ ಚರ್ಚೆ. ಮುಂದಿನ ಪದಕ್ಕೆ ಬನ್ನಿ.

ಮೈಸೂರಿನಿಂದ:

ಇಲಾಖೆ ಬರೆದದ್ದೆಲ್ಲ ಕನ್ನಡವಾಗುವುದಾದರೆ ಈ ಪದಚರ್ಚೆ ಯಾಕೆ ಬೇಕು?

ರಾಯಚೂರು ಕಡೆಯಿಂದ:

ಕೇಳಿದವರಿಗೆ ನಾಳೆಯೊಳಗೆ ಉತ್ತರ ಬೇಕು, ಅದನ್ನು ಮೊದಲು ನೋಡೋಣ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕುರಿ ಇವೆ. ಹಟ್ಟಿಯಲ್ಲಿ ಯಾರೂ ತಳಿ ಅನ್ನುವುದಿಲ್ಲ, ‘ಯಾವ ಜಾತಿ ಕುರಿ ಇದು?’ ಅಂತ ಕೇಳುತ್ತಾರೆ. ಪೇಟೆಯವರೂ ‘ಜಾತಿ ನಾಯಿ’ ಅಂತಾರಲ್ವಾ, ಅದೇ ಅರ್ಥ. ಆದರೆ ಬೋರ್ಡಿನ ಮೇಲೆ ಜಾತಿ ಅಂತ ಬರೆದರೆ ಓದುವವರ ಮನಸ್ಸು ಬೇರೆ ಕಡೆ ಹೋಗುತ್ತದೆ. ತಳಿಯೇ ಇರಲಿ. ಪ್ರಭೇದ ಅಂದರೆ ಸ್ಪೀಷೀಸ್, ಅದು ಮಾತ್ರ ಖಂಡಿತ ಬೇಡ. ಬನ್ನೂರಿನದೂ ಕೆಂಗುರಿಯೂ ಒಂದೇ ಪ್ರಭೇದ, ತಳಿ ಬೇರೆ.

‘ನಾಟಿ’ ಅಂತ ಬರೆದರೂ ತಪ್ಪಾಗುತ್ತದೆ. ಹೊರಗಿನದಲ್ಲದ ಯಾವ ಕುರಿಯೂ ನಾಟಿಯೇ. ಲಕ್ಷಣ ಒಂದೂ ನಿಲ್ಲದ, ನಾಲ್ಕಾರು ಕಡೆಯದು ಸೇರಿದ ಕುರಿಯನ್ನೂ ನಾಟಿ ಅಂತಲೇ ಮಾರುತ್ತಾರೆ. ನಮ್ಮ ಕಡೆಯ ಜವಾರಿಯೂ ಅಷ್ಟೇ. ನೀವು ತೋರಿಸುತ್ತಿರುವುದು ಗುರುತು ಇರುವ ತಳಿಗಳನ್ನು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಇಂಥವನ್ನು ಲಕ್ಷಣ ನೋಡಿ ನೋಂದಾಯಿಸುತ್ತದೆ. ಬನ್ನೂರು ಕುರಿ ಅಂದರೆ ಗಿಡ್ಡ ಕಾಲು, ಬಿಳಿ ಮೈ, ಕೊಂಬಿಲ್ಲದ ತಲೆ, ಜೋತುಬಿದ್ದ ಕಿವಿ. ಎಷ್ಟೋ ಕುರಿಗಳಿಗೆ ಗಂಟಲಡಿ ಲೋಲಾಕಿನಂತೆ ಎರಡು ತೊಗಲಿನ ತುಣುಕು ನೇತಾಡುತ್ತವೆ. ಹಿಂದೆ ನಿಂತು ನೋಡಿದರೆ ತೊಡೆ ತುಂಬಿಕೊಂಡು, ಮಗುಚಿಟ್ಟ ಲಾಳದ ಹಾಗೆ ಕಾಣುತ್ತದೆ. ಕೊಳ್ಳುವವರು ಮೊದಲು ಹಿಂದಕ್ಕೆ ಹೋಗಿ ನಿಲ್ಲುವುದೇ ಅದಕ್ಕೆ. ಬಿಳಿ ಕುರಿಯೆಲ್ಲ ಬನ್ನೂರು ಕುರಿಯಲ್ಲ.

ಈಗ ‘ಅಳಿವಿನಂಚು’. ನನಗೆ ಈ ಪದದ ಮೇಲೇ ತಕರಾರು. ಹುಲಿಗೆ ಅದು ಸರಿ. ಹುಲಿ ಸತ್ತು ಮುಗಿದರೆ ಹುಲಿ ಇಲ್ಲ. ಕುರಿಯದು ಹಾಗಲ್ಲ. ಹಿಂಡಿನಲ್ಲಿ ಮೊದಲು ಇದ್ದಷ್ಟೇ ತಲೆ ಇರುತ್ತವೆ, ಮೊದಲಿನಂತೆಯೇ ಮೇಯುತ್ತವೆ, ಸಂತೆಯಲ್ಲಿ ಇನ್ನೂ ಜಾಸ್ತಿ ರೇಟು ಸಿಗುತ್ತದೆ. ತಳಿ ಮಾತ್ರ ಹೋಗಿರುತ್ತದೆ. ಹೊರಗಿನಿಂದ ಎತ್ತರದ ಟಗರೊಂದನ್ನು ತಂದು ಹಿಂಡಿಗೆ ಬಿಟ್ಟರೆ ಸಾಕು. ಬೆದೆಗೆ ಬಂದ ಕುರಿಗಳೆಲ್ಲ ಅದಕ್ಕೇ ಗಬ್ಬವಾಗುತ್ತವೆ. ನಾಲ್ಕೈದು ತಲೆಮಾರು ದಾಟುವುದರೊಳಗೆ ಹಳೆಯದರ ಗುರುತು ಸಿಗುವುದಿಲ್ಲ. ಇದಕ್ಕೆ ನಮ್ಮ ಮಾತು ‘ಬೆರಕೆ’. ದಖನಿಗೆ ಆಗಿರುವುದು ಇದೇ. ಒರಟು ಉಣ್ಣೆಗೆ ಬೆಲೆ ಬಿತ್ತು, ಕತ್ತರಿಸುವ ಕೂಲಿಯೂ ಹುಟ್ಟದಂತಾಯಿತು. ಉಣ್ಣೆಯಿಲ್ಲದ, ತೂಕ ಬರುವ, ಮಹಾರಾಷ್ಟ್ರದ ಮಾಡಗ್ಯಾಳ ತಳಿಯಂಥ ಟಗರುಗಳನ್ನು ಜನ ತಂದರು. ಕುರಿ ಉಳಿದವು. ಕಂಬಳಿಗೆ ಬೇಕಾದ ಕರಿ ಉಣ್ಣೆಯ ಕುರಿ ಕಮ್ಮಿಯಾದವು. ನಮ್ಮ ಮನೆಯಲ್ಲಿ ಅಜ್ಜನ ಕಂಬಳಿ ಇನ್ನೂ ಇದೆ. ನೇಯುವಾಗ ಹುಣಸೆ ಬೀಜದ ಗಂಜಿ ಕುಡಿಸಿದ್ದು, ಗೊಪ್ಪೆ ಹಾಕಿಕೊಂಡರೆ ಮಳೆಯ ಹನಿ ಮೇಲೇ ಜಾರುತ್ತದೆ. ಅದು ಹರಿದರೆ ಅಂಥದ್ದೇ ಇನ್ನೊಂದು ನೇಯಿಸಲು ಈಗ ನಮ್ಮ ಹಿಂಡಿನಲ್ಲಿ ಉಣ್ಣೆ ಇಲ್ಲ.

ನೀವು ಕೇಳಿದ ಗುರುತುಗಳೂ ಬರೀ ತಲೆ ಎಣಿಸುವುದಿಲ್ಲ. ಆ ಸಂಸ್ಥೆ 2007ರ ವರದಿಯಲ್ಲಿ ಹಾಕಿಕೊಂಡ ಲೆಕ್ಕ ಹೀಗಿದೆ: ಮರಿ ಹಾಕುವ ಹೆಣ್ಣು 100 ಅಥವಾ ಅದಕ್ಕೂ ಕಡಿಮೆ, ಇಲ್ಲವೇ ಬೀಜದ ಗಂಡು 5 ಅಥವಾ ಅದಕ್ಕೂ ಕಡಿಮೆ ಇದ್ದರೆ ಕ್ರಿಟಿಕಲ್. ಹೆಣ್ಣು 1000ದೊಳಗೆ, ಇಲ್ಲವೇ ಗಂಡು 20ರೊಳಗೆ ಇದ್ದರೆ ಎಂಡೇಂಜರ್ಡ್. ಸಂಖ್ಯೆ ಇಳಿಯುತ್ತಿದ್ದಾಗ, ಹೆಣ್ಣುಗಳಲ್ಲಿ ನೂರಕ್ಕೆ 80ಕ್ಕಿಂತ ಕಡಿಮೆ ತಮ್ಮದೇ ತಳಿಯ ಗಂಡಿಗೆ ಕೂಡುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ಬೆರಕೆಯ ಲೆಕ್ಕ ಅದರೊಳಗೇ ಇದೆ. ಹಾಗಾಗಿ ಬೋರ್ಡಿನಲ್ಲಿ ‘ಬೀಜದ ಟಗರು’ ಎಂಬ ಮಾತು ಬರಲೇಬೇಕು. ಕುರಿ ಕಾಯುವವನಿಗೆ ‘ಸಂತಾನೋತ್ಪತ್ತಿ ಸಾಮರ್ಥ್ಯದ ಗಂಡು’ ಅಂದರೆ ಅರ್ಥವಾಗುವುದಿಲ್ಲ. ಬೀಜದ ಟಗರು ಅನ್ನಿ, ಎಷ್ಟಿವೆ ಅಂತ ಬೆರಳು ಮಡಚಿ ಹೇಳುತ್ತಾನೆ.

ಇನ್ನೊಂದು ಮಾತು. ‘ಕೆಂಗುರಿ’ಯನ್ನು ದಯವಿಟ್ಟು ಸರಿಯಾಗಿ ಬರೆಸಿ. ಇಂಗ್ಲಿಷಿಗೆ ಹೋಗಿ ವಾಪಸ್ ಬರುವಾಗ ಅದು ‘ಕೆಂಗೂರಿ’, ‘ಕೆನ್‌ಗುರಿ’ ಆಗಿರುವುದನ್ನು ನೋಡಿದ್ದೇನೆ. ಕೆಂಗಣ್ಣಿನ ಹಾಗೆಯೇ ಕೆಂಗುರಿ. ಕಂದುಗೆಂಪು ಮೈ ನೋಡಿದರೆ ಹೆಸರು ಅರ್ಥವಾಗುತ್ತದೆ. ನಮ್ಮದೇ ಮಾತನ್ನು ನಾವೇ ಪರಭಾಷೆಯ ಹೆಸರಿನಂತೆ ಬರೆದರೆ ಹೇಗೆ?

ಮೈಸೂರಿನಿಂದ:

ಬೆರಕೆ ಚೆನ್ನಾಗಿದೆ, ಒಪ್ಪಿದೆ. ಸಂಕರ, ಮಿಶ್ರತಳಿಗಿಂತ ಎಷ್ಟೋ ಮೇಲು. ಆದರೆ ‘ಬೀಜ’ ಸಂಸ್ಕೃತ. ಕನ್ನಡದ್ದು ಬಿತ್ತು. ‘ಬಿತ್ತುಟಗರು’ ಅನ್ನಬಹುದು.

ಬೆಂಗಳೂರಿನಿಂದ:

ಹಾಗಾದರೆ ಉಣ್ಣೆಯನ್ನೂ ಬಿಡಿ, ಅದು ಊರ್ಣದಿಂದ ಬಂದದ್ದು. ಕಂಬಳಿಯನ್ನೂ ಬಿಡಿ, ಕಂಬಲದಿಂದ ಬಂದದ್ದು. ದಖನಿಯಲ್ಲಿರುವುದು ದಕ್ಷಿಣ. ಕುರಿಯ ಮೈಮೇಲೆ ಏನೂ ಉಳಿಯುವುದಿಲ್ಲ. ಬಿತ್ತುಟಗರು ಅಂತ ಯಾವ ಹಟ್ಟಿಯಲ್ಲೂ ಯಾರೂ ಅನ್ನುವುದಿಲ್ಲ.

ಮೈಸೂರಿನಿಂದ:

ಉಣ್ಣೆ ಸಾವಿರ ವರ್ಷದ ಹಿಂದೆ ಬಂದು ನಮ್ಮ ಬಾಯಿಗೆ ತಕ್ಕಂತೆ ಬದಲಾದ ಪದ. ‘ಕ್ರಿಟಿಕಲ್’ ನಿನ್ನೆ ಬಂದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನನ್ನ ಸಿಟ್ಟು ಎರವಲಿನ ಮೇಲಲ್ಲ, ಸೋಮಾರಿತನದ ಮೇಲೆ. ಇರುವ ಪದವನ್ನು ಹುಡುಕದೆ ನಿಘಂಟಿನ ಮೊದಲ ಅರ್ಥವನ್ನೇ ಇಳಿಸುತ್ತೇವೆ. ‘ನಿರ್ಣಾಯಕವಾಗಿ ಅಳಿವಿನಂಚಿನಲ್ಲಿ’ ಹುಟ್ಟಿದ್ದೇ ಹಾಗೆ.

ಬೆಂಗಳೂರಿನಿಂದ:

ಇದನ್ನು ಒಪ್ಪುತ್ತೇನೆ. ಬಳಿಯನ್ನು ಒಪ್ಪುವುದಿಲ್ಲ.

ಮಡಿಕೇರಿಯಿಂದ:

ಹಂದಿಯನ್ನು ಎಲ್ಲರೂ ಮರೆತಿರಿ. ಹಳಗನ್ನಡದಲ್ಲಿ ಪಂದಿ, ಕೊಡವ ತಕ್ಕ್‌ನಲ್ಲಿ ಈಗಲೂ ಪಂದಿ. ನಮ್ಮ ಮಾತಿನಲ್ಲಿ ಪಕಾರ ಉಳಿದಿದೆ, ಕರಿ ಊರಹಂದಿ ಮಾತ್ರ ಕಾಣುವುದು ಅಪರೂಪ. ಸಾಕುವ ಕಡೆಯೆಲ್ಲ ಬಿಳಿ ಯಾರ್ಕ್‌ಶೈರ್. ಬೇಗ ಬೆಳೆಯುತ್ತದೆ, ಮರಿ ಜಾಸ್ತಿ, ಸಾಕುವವರನ್ನು ದೂರಲು ಆಗುವುದಿಲ್ಲ.

‘ಅಳಿದ’ ಎಂಬ ಪದ ಬೋರ್ಡಿನಿಂದ ಪೂರ್ತಿ ಹೋಗಬಾರದು ಅಂತ ನನ್ನ ಅನಿಸಿಕೆ. ಇಂಗ್ಲೆಂಡಿನಲ್ಲಿ ಲಿಂಕನ್‌ಶೈರ್ ಕರ್ಲಿ ಕೋಟ್ ಎಂಬ ಹಂದಿ ಇತ್ತು. ಕುರಿಯ ಹಾಗೆ ಮೈತುಂಬ ಗುಂಗುರು ಕೂದಲು. ಕೊಬ್ಬು ಕಡಿಮೆ ಇರುವ ಮಾಂಸ ಬೇಕು ಅಂತ ಜನ ಕೇಳತೊಡಗಿದ ಮೇಲೆ ಅದನ್ನು ಸಾಕುವವರಿಲ್ಲದೆ 1972ರಲ್ಲಿ ಮುಗಿದೇ ಹೋಯಿತು. ಅಲ್ಲಿ ಅಪರೂಪದ ತಳಿಗಳಿಗೆ ಅಂತಲೇ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಶುರುವಾದದ್ದು ಮರುವರ್ಷ, 1973ರಲ್ಲಿ. ಹಂಗೇರಿಯ ಗುಂಗುರು ಹಂದಿ ಮಂಗಲಿತ್ಸಾ ಕೂಡ 1991ರ ಹೊತ್ತಿಗೆ 200ಕ್ಕಿಂತ ಕಡಿಮೆಗೆ ಇಳಿದಿತ್ತು, ಆಮೇಲೆ ಚೇತರಿಸಿಕೊಂಡಿತು. ಹೀಗೆ ಹತ್ತಿರ ಬಂದು ಉಳಿದದ್ದಕ್ಕೂ ಉಳಿಯದೇ ಹೋದದ್ದಕ್ಕೂ ಬೇರೆ ಬೇರೆ ಪದ ಬೇಕು. ರಾಯಚೂರಿನವರು ಹೇಳಿದ ಬೆರಕೆ ಕಾರಣ. ಅಳಿದದ್ದು ಫಲ. ಎರಡನ್ನೂ ಬರೆಯಿರಿ.

ರಾಯಚೂರು ಕಡೆಯಿಂದ:

ನೀವು ಹೇಳಿದ್ದು ಸರಿ. ಕರ್ಲಿ ಕೋಟ್ ಬೆರೆತು ಹೋಗಲಿಲ್ಲ, ಯಾರಿಗೂ ಬೇಡವಾಗಿ ಹೋಯಿತು. ಅದಕ್ಕೆ ‘ಅಳಿದಿದೆ’ಯೇ ಬೇಕು. ನಾನು ಕುರಿಯನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೆ.

ಮಂಡ್ಯದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಕೊಟ್ಟುಬಿಟ್ಟೆ. ಮೇಲಿನ ಸಾಲು ‘ನಮ್ಮ ನಾಡಿನ ಕುರಿ ತಳಿಗಳು’. ನಾಟಿ, ದೇಸಿ, ಸಾಂಪ್ರದಾಯಿಕ ಮೂರನ್ನೂ ಬಿಟ್ಟೆ, ‘ನಮ್ಮ ನಾಡಿನ’ ಸಾಕು ಅನ್ನಿಸಿತು. ಗುರುತುಗಳು ಹೀಗಿವೆ: ಅಳಿದಿದೆ. ಕೊನೆಯ ಹಂತದಲ್ಲಿದೆ. ಅಪಾಯದಲ್ಲಿದೆ. ಸದ್ಯಕ್ಕೆ ಭಯವಿಲ್ಲ. ಯಾವ ತಳಿಗೆ ಯಾವುದು ಅಂತ ಪಶುವೈದ್ಯರು ಚೀಟಿ ಅಂಟಿಸುತ್ತಾರೆ. ಅದನ್ನು ಬಣ್ಣದಲ್ಲಿ ಬರೆಸಲಿಲ್ಲ, ಮುಂದಿನ ವರ್ಷಕ್ಕೆ ಬದಲಾಗಬಹುದು.

ಕೆಳಗಿನ ಸಾಲು ಬನ್ನೂರು ಕುರಿಯ ದೊಡ್ಡಿಗೆ ಮಾತ್ರ: ‘ಬೆರಕೆಯಾದರೆ ಕುರಿ ಉಳಿಯುತ್ತದೆ, ತಳಿ ಉಳಿಯುವುದಿಲ್ಲ. ನಿಮ್ಮ ಊರಿನಲ್ಲಿ ಬೀಜದ ಟಗರು ಎಷ್ಟಿವೆ?’ ಬೋರ್ಡ್ ಬರೆಯುವವರು ಬ್ರಷ್ ಕೆಳಗಿಟ್ಟು, ‘ನಮ್ಮೂರಲ್ಲಿ ಅಸಲಿ ಬನ್ನೂರು ಟಗರು ಒಂದಿತ್ತು ಸಾರ್, ಯುಗಾದಿಗೆ ಕಡಿದರು’ ಅಂದರು. ಆಮೇಲೆ ಆ ಸಾಲನ್ನು ಕೆಂಪು ಬಣ್ಣದಲ್ಲಿ ಬರೆದರು, ನಾನು ಹೇಳಿರಲಿಲ್ಲ.

ಈಗ ಹಂದಿಯ ಬೋರ್ಡ್ ಬಾಕಿ ಇದೆ. ‘ಬೀಜದ ಗಂಡು ಹಂದಿ’ ಉದ್ದವಾಗುತ್ತದೆ. ಕಾಡುಹಂದಿಯ ಗಂಡಿಗೆ ಸಲಗ ಅಂತಾರಲ್ವಾ, ಸಾಕಿದ್ದಕ್ಕೂ ಅದು ಸಲ್ಲುತ್ತದೆಯೇ? ಮಡಿಕೇರಿಯವರು ರಾತ್ರಿಯೊಳಗೆ ಹೇಳಿದರೆ ಉಪಕಾರ.