ಜಪಾನಿ ಗುಂಟೋ ಕತ್ತಿ: ಒಂದೇ ಬಳೆ ಮೇಲೆ ಕೊಕುರಾ, ಟೋಕಿಯೋ ಎರಡೂ ಮುದ್ರೆ. ಸಹಾಯ ಬೇಕು

ನಮಸ್ಕಾರ. 95ನೇ ಮಾದರಿ ಗುಂಟೋ (ಜಪಾನಿ ಸೈನ್ಯದ ಕತ್ತಿ) ಒಂದರ ಗುರುತು ಓದ್ತಾ ಸಿಕ್ಕಿಹಾಕ್ಕೊಂಡಿದೀನಿ. (1935 ಅಂದ್ರೆ ಜಪಾನಿನ ಹಳೇ ಲೆಕ್ಕದಲ್ಲಿ 2595, ಆ 95 ಇದು.) ಅಧಿಕಾರಿಗಳದ್ದಲ್ಲ, ಹವಾಲ್ದಾರ್ ಮಟ್ಟದವರದ್ದು.

ಹಿಡಿ ತಾಮ್ರದ್ದು. ಬಣ್ಣ ಎದ್ದುಹೋದ ಕಡೆ ಕೆಂಪಗೆ ಕಾಣುತ್ತೆ, ಹಾಗಾಗಿ ಅಲ್ಯೂಮಿನಿಯಂ ಹಿಡಿ ಬರೋಕೆ ಮುಂಚಿನ ಸರಕು. ಹಿಡಿಯನ್ನ ಅಲಗಿಗೆ ಕೂರಿಸೋಕೆ ಬಿದಿರಿನ ಮೊಳೆ ಇಲ್ಲ, ಸ್ಕ್ರೂ ಇದೆ. ಅಲಗಿನ ಬುಡದಲ್ಲಿ ಕೊರೆದ ಸಂಖ್ಯೆಯೂ ಒರೆಯ ಬಾಯಿ ಹತ್ತಿರದ ಸಂಖ್ಯೆಯೂ ಒಂದೇ, ಅಂದ್ರೆ ಜೋಡಿ ಬದಲಾಗಿಲ್ಲ. ಅಂಕಿಗಳ ಅಂಚು ಚೂಪಾಗಿದೆ, ಎರಕದ ನಕಲಿನ ಥರ ಉಬ್ಬಿಲ್ಲ.

ತೊಂದರೆ ಇರೋದು ಹಿಡಿಯ ಬುಡದ ಬಳೆಯಲ್ಲಿ, ಅಂದ್ರೆ ಫುಚಿಯಲ್ಲಿ. ಅಲ್ಲಿ ನಾಲ್ಕು ಫಿರಂಗಿ ಗುಂಡು ಪೇರಿಸಿದ ಹಾಗಿರೋ ಕೊಕುರಾ (ಜಪಾನಿ ಸೈನ್ಯದ ಆಯುಧ ಕಾರ್ಖಾನೆ) ಮುದ್ರೆ ಇದೆ. ಪಕ್ಕದಲ್ಲೇ 'ಪೂರ್ವ' ಅನ್ನೋ ಅರ್ಥದ ಜಪಾನಿ ಅಕ್ಷರ, ಟೋಕಿಯೋ ತಪಾಸಣೆಯದ್ದು. ಮೂರನೇದು ಅರ್ಧ ಸವೆದ ಸಣ್ಣ ಮುದ್ರೆ, ಯಾವ ಆಕಾರ ಅಂತಲೇ ಹೇಳಕ್ಕಾಗ್ತಿಲ್ಲ. ಅಲಗಿನ ಸಂಖ್ಯೆಯ ಕೊನೆಯಲ್ಲೂ ಅದೇ 'ಪೂರ್ವ' ಇದೆ.

ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಹತ್ತಿಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿದೆ. ಉಪ್ಪುಕಾಗದ, ತಂತಿ ಬ್ರಷ್ ಮುಟ್ಟಿಸಿಲ್ಲ. ದಯವಿಟ್ಟು ಅದನ್ನ ಹೇಳಬೇಡಿ, ಇರೋ ಗೆರೆಯೂ ಹೋಗುತ್ತೆ.

ತಿಳಿದವರು ಇಷ್ಟು ಹೇಳಿ: ಕೊಕುರಾ ಮುದ್ರೆ ಮೇಲ್ವಿಚಾರಣೆಯದ್ದೋ, ತಯಾರಿಕೆಯದ್ದೋ? ತಾಮ್ರದ ಹಿಡಿ ಕತ್ತಿಗಳಲ್ಲಿ ಮೂರನೇ ಜಾಗದಲ್ಲಿ ಸಾಮಾನ್ಯವಾಗಿ ಕತ್ತಿ ಮಾಡಿಕೊಟ್ಟ ಗುತ್ತಿಗೆದಾರನ ಗುರುತೇ ಇರುತ್ತಾ?