‘ಕೀಲಿ’ ಎಂದರೆ ಬೀಗವೋ, ಬೀಗದ ಕೈಯೋ? ಎಸ್‌ಎಸ್‌ಎಚ್ ಕೈಪಿಡಿಗಾಗಿ ಒಂದು ಪದಚರ್ಚೆ

ಬಲ್ಲವರಿಗೆ ನಮಸ್ಕಾರ.

ಮನೆಯ ಕಂಪ್ಯೂಟರಿಗೆ ಹೊರಗಡೆಯಿಂದ ಎಸ್‌ಎಸ್‌ಎಚ್ (ಸೆಕ್ಯೂರ್ ಶೆಲ್ ಎಂಬ ಸುರಕ್ಷಿತ ಸಂಪರ್ಕ ವಿಧಾನ) ಮೂಲಕ ಸಂಪರ್ಕ ಪಡೆದು, ಬರಿಯ ಅಕ್ಷರಗಳಲ್ಲಿ ಆದೇಶ ಕೊಟ್ಟು ಕೆಲಸ ಮಾಡಿಸುವ ಬಗೆಯನ್ನು ತಿಳಿಸುವ ಕೈಪಿಡಿಯೊಂದನ್ನು ಪುಣೆಯ ಕನ್ನಡಿಗ ಗೆಳೆಯರಿಗಾಗಿ ಬರೆಯುತ್ತಿದ್ದೇನೆ. ಸರ್ವರ್, ಪೋರ್ಟ್, ಪಾಸ್‌ವರ್ಡ್, ಲಾಗಿನ್ ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ನಾವು ಕೊಟ್ಟ ಆದೇಶಗಳನ್ನು ಓದಿ ನಡೆಸುವ ‘ಶೆಲ್’ ಅನ್ನು ‘ಚಿಪ್ಪು’ ಎಂದು ಬರೆಯುವ ಧೈರ್ಯವಂತೂ ನನಗಿಲ್ಲ. ತೊಡಕಿರುವುದು ‘ಕೀ’ ಎಂಬಲ್ಲಿ.

ದೂರದ ಕಂಪ್ಯೂಟರಿಗೆ ಸಂಪರ್ಕ ಪಡೆಯುವ ಹಳೆಯ ವಿಧಾನವಾದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಜಾಲದಲ್ಲಿ ಹರಿಯುತ್ತಿತ್ತು. ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡುಗಳು ಕಳುವಾದ ಮೇಲೆ, 1995ರಲ್ಲಿ ತಾತು ಯುಲೊನೆನ್ ಅವರು ಎಸ್‌ಎಸ್‌ಎಚ್ ಅನ್ನು ರೂಪಿಸಿದರು. ಇದರಲ್ಲಿ ಪಾಸ್‌ವರ್ಡಿನ ಬದಲು ಒಂದು ಜೋಡಿ ‘ಕೀ’ಗಳನ್ನೂ, ಎಂದರೆ ನಮ್ಮ ಗುರುತನ್ನು ಖಚಿತಪಡಿಸುವ ಎರಡು ಕಡತಗಳನ್ನೂ, ಬಳಸಬಹುದು: ‘ಪಬ್ಲಿಕ್ ಕೀ’ಯನ್ನು ಮನೆಯ ಕಂಪ್ಯೂಟರಿನಲ್ಲಿ ಇರಿಸಬೇಕು, ‘ಪ್ರೈವೇಟ್ ಕೀ’ ನಮ್ಮ ಕೈಯಲ್ಲಿರುವ ಲ್ಯಾಪ್‌ಟಾಪನ್ನು ಬಿಟ್ಟು ಕದಲಬಾರದು. ಎರಡು ಕಡತಗಳಿಗೂ ಹೆಸರು ಒಂದೇ, ಮೊದಲನೆಯದರ ಬಾಲದಲ್ಲಿ ‘ಪಬ್’ ಎಂದಿರುತ್ತದೆ, ಅಷ್ಟೇ. ಹೊಸಬರು ಕಳುಹಿಸಬಾರದ್ದನ್ನೇ ಕಳುಹಿಸಿಬಿಡುವ ಅಪಾಯವಿರುವುದರಿಂದ ಇಲ್ಲಿ ಪದ ಮಸುಕಾಗಿರಬಾರದು.

‘ಸಾರ್ವಜನಿಕ ಕೀಲಿ’, ‘ಖಾಸಗಿ ಕೀಲಿ’ ಎಂಬ ರೂಪಗಳು ಬರಹದಲ್ಲಿ ಕಾಣಸಿಗುತ್ತವೆ. ಆದರೆ ನಮ್ಮ ಬಳಗದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಹೆಚ್ಚು. ಅವರಿಗೆ ‘ಕೀಲಿ’ ಎಂದರೆ ಬೀಗ; ‘ಮನಿಗೆ ಕೀಲಿ ಹಾಕಿ ಬಾ’ ಎಂದರೆ ಬೀಗ ಹಾಕಿ ಬಾ ಎಂದೇ ಅರ್ಥ, ಅದನ್ನು ತೆರೆಯುವುದು ‘ಕೀಲಿಕೈ’. ಮೈಸೂರಿನ ಕಡೆಯವರು ಬೀಗ, ಬೀಗದ ಕೈ ಎನ್ನುತ್ತಾರೆ. ಇಲ್ಲಿ ದಿನವಿಡೀ ಕಿವಿಗೆ ಬೀಳುವ ಮರಾಠಿಯಲ್ಲಿ ಬೀಗಕ್ಕೆ ‘ಕುಲೂಪ್’, ತೆರೆಯುವುದಕ್ಕೆ ‘ಕಿಲ್ಲಿ’. ಆದ್ದರಿಂದ ಪುಣೆಯಲ್ಲೇ ಬೆಳೆದ ಮಕ್ಕಳು ‘ಕೀಲಿ’ಯನ್ನು ‘ಕಿಲ್ಲಿ’ಯ ಅರ್ಥದಲ್ಲೇ ಗ್ರಹಿಸುವುದು ಸಹಜ. ಸಾಲದ್ದಕ್ಕೆ ‘ಕೀಲಿಮಣೆ’ ಬೇರೆ ನೆಲೆಯೂರಿದೆ, ಅಲ್ಲಿ ಕೀಲಿಯೆಂದರೆ ಒತ್ತುವ ಗುಂಡಿ!

ಹೀಗಿರುವಾಗ, ಮನೆಯ ಕಂಪ್ಯೂಟರಿನಲ್ಲಿ ಇರಿಸುವುದನ್ನು ‘ಕೀಲಿ’ ಎಂದೂ ನಮ್ಮಲ್ಲೇ ಉಳಿಯುವುದನ್ನು ‘ಕೀಲಿಕೈ’ ಎಂದೂ ಕರೆದರೆ ಹೇಗೆ ಎಂಬುದು ನನ್ನ ಪ್ರಶ್ನೆ. ಬೀಗವನ್ನು ಯಾರು ನೋಡಿದರೂ ಹಾನಿಯಿಲ್ಲ, ಕೈಯನ್ನು ಮಾತ್ರ ಕೊಡಬಾರದು ಎಂಬ ಅರಿವು ಉತ್ತರ ಕರ್ನಾಟಕದ ಓದುಗರಿಗೆ ಪದದಲ್ಲೇ ದೊರೆಯುತ್ತದೆ. ಆಕ್ಷೇಪಕ್ಕೂ ಎಡೆಯಿದೆ: ಲಾಗಿನ್ ಆಗುವಾಗ ಪ್ರೈವೇಟ್ ಕೀ ಎಲ್ಲಿಗೂ ಹೋಗುವುದಿಲ್ಲ, ಅದು ತನ್ನ ಜಾಗದಲ್ಲೇ ಇದ್ದು ಒಂದು ಡಿಜಿಟಲ್ ಸಹಿ ಮಾಡುತ್ತದೆ, ಪಬ್ಲಿಕ್ ಕೀ ಆ ಸಹಿಯನ್ನು ಪರೀಕ್ಷಿಸುತ್ತದೆ. ಆ ದೃಷ್ಟಿಯಿಂದ ಮುದ್ರೆ, ಮುದ್ರೆಯ ಮಾದರಿ ಎಂಬ ಜೋಡಿ ಹೆಚ್ಚು ನಿಖರವಾದೀತು. ಆದರೂ ಕೈಪಿಡಿಯ ಓದುಗರಿಗೆ ‘ಕೀಲಿ–ಕೀಲಿಕೈ’ ಹತ್ತಿರವೆಂದೇ ನನಗೆ ತೋರುತ್ತದೆ. ಬೆಂಗಳೂರು, ಮೈಸೂರಿನ ಓದುಗರಿಗೆ ಇದು ಎಡವುಗಲ್ಲಾಗುವುದೇ?

ಇನ್ನೊಂದು ಚಿಕ್ಕ ಸಂದೇಹ. ಮೊದಲ ಸಲ ಸಂಪರ್ಕಿಸುವಾಗ ಸರ್ವರಿನ, ಇಲ್ಲಿ ಮನೆಯ ಕಂಪ್ಯೂಟರಿನ, ‘ಫಿಂಗರ್‌ಪ್ರಿಂಟ್’ (ಅದನ್ನು ಗುರುತಿಸುವ ಅಕ್ಷರಗಳ ಸಾಲು) ತೆರೆಯ ಮೇಲೆ ಮೂಡುತ್ತದೆ. ಅದನ್ನು ಮನೆಯಲ್ಲಿ ಮೊದಲೇ ಬರೆದಿಟ್ಟುಕೊಂಡದ್ದರೊಡನೆ ಹೋಲಿಸಿ ಒಪ್ಪಿಗೆ ಕೊಡಬೇಕು. ‘ಬೆರಳಚ್ಚು’ ಎನ್ನೋಣವೆಂದರೆ ಅದು ಟೈಪಿಂಗಿಗೂ ಸಲ್ಲುವ ಪದ, ‘ಬೆರಳಚ್ಚನ್ನು ಪರೀಕ್ಷಿಸಿ’ ಎಂದು ಬರೆದರೆ ಟೈಪು ಮಾಡಿದ್ದರಲ್ಲಿ ತಪ್ಪು ಹುಡುಕಲು ತೊಡಗುವವರು ಇದ್ದಾರೆ. ‘ಬೆರಳಗುರುತು’ ಸಾಕೇ, ಅಥವಾ ಬೆರಳನ್ನೇ ಬಿಟ್ಟು ‘ಗುರುತುಸಾಲು’ ಎನ್ನಬಹುದೇ?